ಒಂದು ಸಲಕ್ಕೆ ಒಬ್ಬರದೇ ಬೇಸ್

ಇಬ್ಬರು ಸೇರಿ ಡಿಜೆ ಮಾಡೋದು ಹೇಗೆ, ಒಬ್ಬರು ಸಾಕಲ್ವಾ, ಇನ್ನೊಬ್ಬರು ಅಲ್ಲಿ ನಿಂತು ಏನು ಮಾಡ್ತಾರೆ ಅಂತ ತುಂಬ ಜನ ಕೇಳಿದ್ದಾರೆ. ಮನೆಯವರು ಕೇಳಿದ್ದಾರೆ, ಪಬ್ಬಿನ ಮ್ಯಾನೇಜರ್‌ಗಳೂ ಕೇಳಿದ್ದಾರೆ. ನಾನು ಮತ್ತು ನಮ್ಮ ಭಾವ 2012ರಿಂದ ಒಂದೇ ಹೆಸರಿನಲ್ಲಿ ಪ್ಲೇ ಮಾಡುತ್ತಿದ್ದೇವೆ. ನಡುವೆ ಹದಿನಾಲ್ಕು ತಿಂಗಳು ಮಾತು ಬಿಟ್ಟಿದ್ದೆವು. ಅದನ್ನೂ ಸೇರಿಸಿ ಬರೆಯುತ್ತೇನೆ.

ಭಾವ ಅಂದರೆ ನಮ್ಮ ಸೋದರಮಾವನ ಮಗ. ನನಗಿಂತ ಎರಡು ವರ್ಷ ದೊಡ್ಡವನು. ಮಾವನದು ಚಾಮರಾಜಪೇಟೆಯಲ್ಲಿ ಸೌಂಡ್ ಸರ್ವಿಸ್ ಅಂಗಡಿ. ಮದುವೆ, ಗಣೇಶನ ಹಬ್ಬ, ರಾಜ್ಯೋತ್ಸವ, ಆರ್ಕೆಸ್ಟ್ರಾ, ಎಲ್ಲದಕ್ಕೂ ಅಲ್ಲಿಂದ ಮೈಕ್ ಸೆಟ್ ಹೋಗುತ್ತಿತ್ತು. ಗೋಡೆ ತುಂಬ ಅಹುಜಾ ಹಾರ್ನ್‌ಗಳು, ನೆಲದ ಮೇಲೆ ದಪ್ಪ ಸದ್ದಿನ ಬೇಸ್ ಬಾಕ್ಸುಗಳು, ಒಳಗೆಲ್ಲ ಸಾಲ್ಡರಿಂಗ್ ವಾಸನೆ. ಬೇಸಿಗೆ ರಜೆ ಬಂತೆಂದರೆ ನಾನು ಅಲ್ಲೇ. ಮಾವ ಮೊದಲು ಕಲಿಸಿದ್ದು ವಯರ್ ಸುತ್ತೋದು. ಮೊಣಕೈಗೆ ಹಾಕಿಕೊಂಡು ಸುತ್ತಿದರೆ ಒಳಗಿನ ತಾಮ್ರ ತಿರುಚಿಕೊಳ್ಳುತ್ತದೆ, ಆರು ತಿಂಗಳಿಗೆ ಕಟ್ ಆಗುತ್ತದೆ. ಕೈಯಲ್ಲಿ ಹಿಡಿದು ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಹಾಕಬೇಕು. ಎರಡನೆಯದು, ಆಂಪ್ಲಿಫೈಯರ್ ಎಲ್ಲಕ್ಕಿಂತ ಕೊನೆಗೆ ಆನ್ ಮಾಡಬೇಕು, ಎಲ್ಲಕ್ಕಿಂತ ಮೊದಲು ಆಫ್ ಮಾಡಬೇಕು. ಈ ಎರಡು ಪಾಠವನ್ನು ಇವತ್ತಿಗೂ ತಪ್ಪಿಸಿಲ್ಲ.

ಎಲೆಕ್ಟ್ರಾನಿಕ್ ಮ್ಯೂಸಿಕ್ ನಮಗೆ ಬಂದಿದ್ದು ಪೆನ್‌ಡ್ರೈವ್‌ನಲ್ಲಿ. ಕಾಲೇಜಿನಲ್ಲಿ ಭಾವನಿಗೆ ಯಾರೋ ಹೌಸ್, ಟೆಕ್ನೋ ತುಂಬಿ ಕೊಟ್ಟಿದ್ದರು. ಅಂಗಡಿಯ ಹದಿನೆಂಟು ಇಂಚಿನ ಬೇಸ್ ಬಾಕ್ಸಿನಲ್ಲಿ ಅದನ್ನು ಹಾಕಿ ಕೇಳಿದ ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಮೇಜಿನ ಮೇಲಿದ್ದ ಸ್ಕ್ರೂಗಳು ತಾಳಕ್ಕೆ ಸರಿಯಾಗಿ ಕುಣಿಯುತ್ತಿದ್ದವು. ಹಾಡಿಲ್ಲ, ಮಾತಿಲ್ಲ, ಏಳು ನಿಮಿಷ ಒಂದೇ ತಾಳ, ಅದರೊಳಗೆ ಸಣ್ಣ ಸಣ್ಣ ವಿಷಯಗಳು ಬದಲಾಗುತ್ತಾ ಹೋಗುತ್ತವೆ, ನೀನು ಕಿವಿ ಕೊಟ್ಟಷ್ಟೂ ಜಾಸ್ತಿ ಕೇಳಿಸುತ್ತದೆ. ನನಗೆ ಅದು ಆ ದಿನವೇ ಹಿಡಿದುಕೊಂಡಿತು.

2011ರಲ್ಲಿ ಇಬ್ಬರೂ ದುಡ್ಡು ಕೂಡಿಸಿ ಒಂದು ಸೆಕೆಂಡ್‌ಹ್ಯಾಂಡ್ ಕಂಟ್ರೋಲರ್ ತೆಗೆದುಕೊಂಡೆವು, ಕಂಪ್ಯೂಟರಿನಲ್ಲಿರುವ ಟ್ರ್ಯಾಕ್‌ಗಳನ್ನು ಮಿಕ್ಸ್ ಮಾಡುವ ಪೆಟ್ಟಿಗೆ ಅದು. ಕಂಪ್ಯೂಟರ್ ಎಸ್‌ಪಿ ರೋಡಿನಲ್ಲಿ ಜೋಡಿಸಿಸಿದ್ದು. ಕಂಟ್ರೋಲರ್‌ನಲ್ಲಿ ಸಿಂಕ್ ಅಂತ ಒಂದು ಬಟನ್ ಇತ್ತು. ಒತ್ತಿದರೆ ಎರಡು ಟ್ರ್ಯಾಕ್‌ಗಳ ವೇಗ ತಾನಾಗಿಯೇ ಒಂದಾಗುತ್ತದೆ. ಭಾವ ಅದರ ಮೇಲೆ ಇನ್ಸುಲೇಶನ್ ಟೇಪ್ ಹಚ್ಚಿಬಿಟ್ಟ. "ಕಿವಿ ಕಲಿಯೋ ತನಕ ಮುಟ್ಟಬೇಡ" ಅಂದ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿಗೆ ಸ್ಪೀಕರ್. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಇರುವ ಟ್ರ್ಯಾಕನ್ನು 125ಕ್ಕೆ ತರಬೇಕೆಂದರೆ ಪಿಚ್ ಸ್ಲೈಡರ್ ನಾಲ್ಕು ಪರ್ಸೆಂಟ್ ಚಿಲ್ಲರೆ ಸರಿಸಬೇಕು. ಲೆಕ್ಕ ಸುಲಭ. ಆದರೆ ಎರಡು ಟ್ರ್ಯಾಕ್‌ಗಳ ಕಿಕ್ ಡ್ರಮ್‌ಗಳು, ಅಂದರೆ ತಾಳದ ದಪ್ಪ ಏಟುಗಳು, ಕೂದಲೆಳೆಯಷ್ಟು ಹಿಂದೆ ಮುಂದೆ ಇದ್ದಾಗ ಯಾವುದು ಹಿಂದೆ, ಯಾವುದು ಮುಂದೆ ಅಂತ ಗೊತ್ತಾಗುವುದಕ್ಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ದಿನಾ ಕೆಲಸ ಮುಗಿಸಿ ಚಾಮರಾಜಪೇಟೆಗೆ ಹೋಗುತ್ತಿದ್ದೆ, ಅಂಗಡಿ ಮೇಲಿನ ಗೋಡೌನ್‌ನಲ್ಲಿ ಒಂಬತ್ತೂವರೆ ತನಕ ಅದೇ ಕೆಲಸ. ಆಮೇಲೆ ಅತ್ತೆ ಊಟಕ್ಕೆ ಕರೆಯುತ್ತಿದ್ದರು.

ಎಣಿಸೋದು ಮಾತ್ರ ನನಗೆ ಬೇಗ ಬಂತು. ಅದಕ್ಕೆ ಅಮ್ಮ ಕಾರಣ. ಚಿಕ್ಕವನಿದ್ದಾಗ ನನ್ನ ತೊಡೆ ಮೇಲೆ ಆದಿತಾಳ ಹಾಕಿಸುತ್ತಿದ್ದರು. ಲಘು ನಾಲ್ಕು, ಎರಡು ದ್ರುತ ಸೇರಿ ನಾಲ್ಕು, ಒಟ್ಟು ಎಂಟು ಅಕ್ಷರ. ಹೌಸ್ ಮ್ಯೂಸಿಕ್‌ನಲ್ಲಿ ಒಂದು ಬಾರ್‌ಗೆ ನಾಲ್ಕು ಬೀಟ್. ಹಾಗಾದರೆ ಎರಡು ಬಾರ್ ಅಂದರೆ ಒಂದು ಆವರ್ತನ, ತಾಳದ ಒಂದು ಪೂರ್ತಿ ಸುತ್ತು. ಸಾಮಾನ್ಯವಾಗಿ ಹದಿನಾರು ಬಾರ್‌ಗೊಮ್ಮೆ ಏನಾದರೂ ಬದಲಾಗುತ್ತದೆ, ಅದು ಎಂಟು ಆವರ್ತನ. ಎಂಟು ಆವರ್ತನ ಮುಗಿಯುವ ಜಾಗದಲ್ಲಿ ಮುಂದಿನ ಟ್ರ್ಯಾಕ್ ಒಳಗೆ ಬಿಟ್ಟರೆ ಎರಡೂ ಒಂದೇ ಕಡೆ ಉಸಿರು ತೆಗೆದುಕೊಳ್ಳುತ್ತವೆ. ಈಗಲೂ ನನ್ನ ಎಡಗೈ ತೊಡೆ ಮೇಲೆ ಬಡಿಯುತ್ತಾ ಇರುತ್ತದೆ. ಭಾವ ಸ್ಕ್ರೀನ್ ನೋಡೋದಿಲ್ಲ, ನನ್ನ ಬೆರಳು ನೋಡುತ್ತಾನೆ.

ಮೊದಲ ಅವಕಾಶ ಸಿಕ್ಕಿದ್ದು ಕೋರಮಂಗಲದ ಒಂದು ಪಬ್ಬಿನಲ್ಲಿ, ಬುಧವಾರ, ಏಳರಿಂದ ಒಂಬತ್ತು. ಇಬ್ಬರಿಗೂ ಸೇರಿ ಮೂರು ಸಾವಿರ ರೂಪಾಯಿ. ಜನ ಇನ್ನೂ ಬಂದಿರಲಿಲ್ಲ. ನಾನು ಒಂದು ಟ್ರ್ಯಾಕ್ ಹಾಕುತ್ತಿದ್ದೆ, ಭಾವ ಇನ್ನೊಂದು. ಆದರೆ ನಾವು ಆ ದಿನ ಮಾಡಿದ್ದು ಜಗಳ ಇದ್ದಂತೆ ಇತ್ತು. ಅವನ ಬೇಸ್ ಇನ್ನೂ ಓಡುತ್ತಿರುವಾಗಲೇ ನಾನು ನನ್ನ ಬೇಸ್ ತೆರೆಯುತ್ತಿದ್ದೆ. ಎರಡು ಬೇಸ್ ಒಟ್ಟಿಗೆ ಬಂದರೆ ದೊಡ್ಡದಾಗಿ ಕೇಳಿಸುತ್ತದೆ ಅಂದುಕೊಂಡಿದ್ದೆ. ಹಾಗಾಗಲ್ಲ. ಒಂದರ ಅಲೆ ಮೇಲೇಳುವಾಗ ಇನ್ನೊಂದರದು ಕೆಳಗಿಳಿಯುತ್ತಿದ್ದರೆ ಎರಡೂ ತಿಂದುಹಾಕಿಕೊಳ್ಳುತ್ತವೆ, ಇಲ್ಲವಾದರೆ ಮಿಕ್ಸರ್‌ನಲ್ಲಿ ಕೆಂಪು ಲೈಟು ಹತ್ತಿ ಎಲ್ಲ ಒಡೆದು ರಾಡಿಯಾಗುತ್ತದೆ.

ರಾತ್ರಿ ಅಂಗಡಿಗೆ ಬಂದು ರೆಕಾರ್ಡಿಂಗ್ ಹಾಕಿದೆವು. ಮಾವ ಲೆಕ್ಕದ ಪುಸ್ತಕ ಬರೆಯುತ್ತಿದ್ದವರು ತಲೆ ಎತ್ತಿ ಕೇಳಿದರು. "ಇಬ್ಬರೂ ಒಂದೇ ಸಲ ಮಾತಾಡ್ತಿದ್ದೀರಲ್ಲೋ. ಒಬ್ಬ ಬೇಸ್ ತಗೊಂಡ್ರೆ ಇನ್ನೊಬ್ಬ ಬಿಡಬೇಕಪ್ಪಾ" ಅಂದರು. ನಮ್ಮ ಇಡೀ ಕೆಲಸಕ್ಕೆ ನಿಯಮ ಅಂತ ಒಂದಿದ್ದರೆ ಅದೇ. ಭಾವನ ಬೆರಳು ಅವನ ಲೋ ನಾಬ್ (ಬೇಸ್ ಏರಿಸಿ ಇಳಿಸುವ ಗುಂಡಿ) ಮೇಲೆ, ನನ್ನ ಬೆರಳು ನನ್ನದರ ಮೇಲೆ. ಎಂಟನೇ ಆವರ್ತನದ ಕೊನೇ ಅಕ್ಷರದಲ್ಲಿ ಅವನದು ಎಡಕ್ಕೆ, ನನ್ನದು ಮಧ್ಯಕ್ಕೆ. ಎರಡೂ ಒಟ್ಟಿಗೆ ತಿರುಗಬೇಕು. ಒಬ್ಬನೇ ಎರಡು ಕೈಯಲ್ಲಿ ಇದನ್ನು ಮಾಡೋದು ಸುಲಭ. ಇಬ್ಬರು ಬೇರೆ ಬೇರೆ ಮನುಷ್ಯರು ಮಾಡಬೇಕೆಂದರೆ ಇನ್ನೊಬ್ಬ ಯಾವಾಗ ಬಿಡುತ್ತಾನೆ ಅಂತ ಮೊದಲೇ ಗೊತ್ತಾಗಬೇಕು. ಅಲ್ಲಿ ನಿಂತು ಇನ್ನೊಬ್ಬ ಏನು ಮಾಡುತ್ತಾನೆ ಅಂತ ಕೇಳುವವರಿಗೆ ನನ್ನ ಉತ್ತರ ಇದು. ಅವನು ಬಿಟ್ಟುಕೊಡುತ್ತಿರುತ್ತಾನೆ.

ಆದರೂ ಒಂದು ವರ್ಷ ನಮ್ಮ ಸೆಟ್‌ಗೆ ಆಕಾರ ಇರಲಿಲ್ಲ. ಅವನೊಂದು ನಾನೊಂದು, ಅವನೊಂದು ನಾನೊಂದು, ಹೀಗೇ ಎರಡು ಗಂಟೆ. ಯಾರಿಗೂ ಒಂದು ಕಡೆ ನಿಂತು ಏನಾದರೂ ಕಟ್ಟೋದಕ್ಕೆ ಆಗುತ್ತಿರಲಿಲ್ಲ. 2013ರ ಬೇಸಿಗೆಯಲ್ಲಿ ಅಮ್ಮನನ್ನು ಕರೆದುಕೊಂಡು ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ಹೋಗಿದ್ದೆವು. 1939ರಿಂದ ನಡೆದುಬಂದಿರುವ ಉತ್ಸವ ಅದು. ಚಿಕ್ಕಂದಿನಲ್ಲೂ ಹೋಗುತ್ತಿದ್ದೆವು, ಆಗ ಹಿಂದೆ ಆಡಿಕೊಂಡಿರುತ್ತಿದ್ದೆವು. ಈ ಸಲ ತನಿ ಆವರ್ತನ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗ, ಶುರುವಾದಾಗ ನಾನು ನೆಟ್ಟಗೆ ಕೂತೆ. ಮೃದಂಗದವರು ಒಂದಷ್ಟು ಹೊತ್ತು ಒಬ್ಬರೇ ನುಡಿಸಿದರು. ಘಟದವರು ಸುಮ್ಮನೆ ತಾಳ ಹಾಕಿಕೊಂಡು ಕೇಳುತ್ತಿದ್ದರು. ಆಮೇಲೆ ಘಟ, ಇವರು ಸುಮ್ಮನೆ. ಮುಂದಿನ ಸಲ ಇಬ್ಬರ ಪಾಲೂ ಕಮ್ಮಿ. ಎಂಟು ಆವರ್ತನ ಇದ್ದದ್ದು ನಾಲ್ಕಾಯಿತು, ಎರಡಾಯಿತು, ಒಂದಾಯಿತು, ಅರ್ಧವಾಯಿತು, ಕೊನೆಗೆ ಒಬ್ಬರ ಮಾತನ್ನು ಇನ್ನೊಬ್ಬರು ಬಾಯಿಂದ ಕಿತ್ತುಕೊಂಡ ಹಾಗೆ ಆಗಿ ಇಬ್ಬರೂ ಒಟ್ಟಿಗೆ ಸೇರಿ ಮುಕ್ತಾಯ ಹೊಡೆದರು. ಭಾವ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದ. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು.

ಅವತ್ತಿನಿಂದ ನಮ್ಮ ಸೆಟ್ ಅದೇ ಲೆಕ್ಕದಲ್ಲಿ ನಡೆಯುತ್ತದೆ. ಮೊದಲ ಅರ್ಧ ಗಂಟೆ ಒಬ್ಬನದು, ಇನ್ನೊಬ್ಬ ಹೆಡ್‌ಫೋನ್ ಕೂಡ ಹಾಕಿಕೊಳ್ಳುವುದಿಲ್ಲ, ಜನರ ಮಧ್ಯೆ ಹೋಗಿ ನಿಂತು ಕೇಳುತ್ತಾನೆ. ಆಮೇಲೆ ಮೂರು ಮೂರು ಟ್ರ್ಯಾಕ್, ಎರಡೆರಡು, ಒಂದೊಂದು. ಕೊನೇ ಇಪ್ಪತ್ತು ನಿಮಿಷ ನಾಲ್ಕು ಡೆಕ್ (ಒಂದೊಂದು ಟ್ರ್ಯಾಕ್ ಓಡಿಸುವ ಪ್ಲೇಯರ್) ತೆರೆದು ಇಬ್ಬರೂ ಒಟ್ಟಿಗೆ, ಅವನ ಕಿಕ್, ನನ್ನ ಬೇಸ್, ಅವನ ಹೈ-ಹ್ಯಾಟಿನ ತೆಳು ಚಿಕ್ ಚಿಕ್, ನನ್ನ ಲೂಪ್ (ಸುತ್ತಿ ಸುತ್ತಿ ಬರುವ ತುಣುಕು). ಎಷ್ಟೋ ಜನಕ್ಕೆ ಇದು ತನಿ ಅಂತ ಗೊತ್ತಾಗಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಆದರೆ ಕೊನೆಗೆ ಬರುವಾಗ ಏನೋ ಹತ್ತಿರ ಹತ್ತಿರ ಬರುತ್ತಿದೆ ಅಂತ ಮೈಗೆ ಗೊತ್ತಾಗುತ್ತದೆ. ಅದೇ ವರ್ಷ ಇಂದಿರಾನಗರದಲ್ಲಿ ದಿ ಹಮ್ಮಿಂಗ್ ಟ್ರೀ ಅನ್ನೋ ಲೈವ್ ಸಂಗೀತದ ಜಾಗ ತೆರೆಯಿತು. ಊರಲ್ಲಿ ನಮ್ಮಂಥವರ ಸಂಗೀತವನ್ನು ನಿಂತು ಕೇಳುವ ಜನ ಎಷ್ಟು ಇದ್ದಾರೆ ಅಂತ ನನಗೆ ಗೊತ್ತಾಗಿದ್ದು ಅಲ್ಲಿ ಬೇರೆಯವರನ್ನು ಕೇಳಲು ಹೋದಾಗ. 2019ರಲ್ಲಿ ಅದು ಮುಚ್ಚಿದ್ದು ನನಗೆ ಇವತ್ತಿಗೂ ಬೇಜಾರು.

ಬೇರೆಯವರ ಟ್ರ್ಯಾಕ್ ಎಷ್ಟು ದಿನ ಹಾಕೋದು? ನಮ್ಮದೇ ಮಾಡಬೇಕು ಅನಿಸಿತು. ನಾನು ಮುಂಬೈನ ಚರಣ್‌ಜಿತ್ ಸಿಂಗ್ ಅವರನ್ನು ಕೇಳಿ ತಲೆಕೆಟ್ಟು ಕೂತಿದ್ದೆ. ಅವರು 1982ರಲ್ಲೇ ರೋಲ್ಯಾಂಡ್ ಕಂಪನಿಯ ಬೇಸ್ ಮಷಿನ್ ಟಿಬಿ-303, ಡ್ರಮ್ ಮಷಿನ್ ಟಿಆರ್-808 ಇಟ್ಟುಕೊಂಡು ಹತ್ತು ರಾಗಗಳನ್ನು ನುಡಿಸಿದ್ದರು. ಆಗ ಹೆಚ್ಚು ಜನ ಕೇಳಿರಲಿಲ್ಲ. 2010ರಲ್ಲಿ ಆ ರೆಕಾರ್ಡ್ ಮತ್ತೆ ಬಂದಾಗ ಪ್ರಪಂಚವೇ ತಿರುಗಿ ನೋಡಿತು. ನಾವೂ ರಾಗ ತಗೊಳ್ಳೋಣ ಅಂದೆ. ಭಾವ ಒಪ್ಪಲಿಲ್ಲ. "ನಮ್ಮ ಕಿವಿಗೆ ದಿನಾ ಬಿದ್ದಿರೋದು ಯಾವುದು ಹೇಳು? ತಮಟೆ ತಾನೇ?" ಅಂದ. ಅವನು ಹೇಳಿದ್ದು ಸರಿ ಇತ್ತು.

ಮಾವನ ಪರಿಚಯದ ಒಬ್ಬರು ತಮಟೆ ಅಣ್ಣ, ಮಾಗಡಿ ರಸ್ತೆ ಕಡೆಯ ಹಳ್ಳಿಯವರು. ಎರಡು ಮೈಕು, ಒಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆವು. ಅವರು ಮೊದಲು ಒಣಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸಿದರು. ಚರ್ಮ ಬಿಗಿಯಾಗುವ ತನಕ ತಿರುಗಿಸಿ ತಿರುಗಿಸಿ ಹಿಡಿದು, ಬೆರಳಲ್ಲಿ ಒಂದು ಸಲ ತಟ್ಟಿ ನೋಡಿ, ಮತ್ತೆ ಬೆಂಕಿಗೆ ಹಿಡಿದು, ಆಮೇಲೆ ಎದ್ದರು. ಬಲಗೈಯಲ್ಲಿ ದಪ್ಪ ಗಿಡ್ಡ ಕೋಲು, ಎಡಗೈಯಲ್ಲಿ ತೆಳ್ಳನೆಯ ಉದ್ದ ಕಡ್ಡಿ. ದಪ್ಪ ಕೋಲಿನದು ಕಿಕ್ ಡ್ರಮ್, ಕಡ್ಡಿಯದು ಹೈ-ಹ್ಯಾಟ್, ಎರಡೂ ಒಂದೇ ಚರ್ಮದಿಂದ. ನಾನು ಮೀಟರ್ ನೋಡಲು ಮರೆತು ನಿಂತುಬಿಟ್ಟೆ.

ಮನೆಗೆ ಬಂದು ಏಬಲ್ಟನ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಹಾಕಿದಾಗ ಗೊತ್ತಾಯಿತು, ಅವರು 112 ಬಿಪಿಎಂನಲ್ಲಿ ಶುರುಮಾಡಿ ಕೊನೆಗೆ 130 ಮುಟ್ಟಿದ್ದರು. ಸಾಫ್ಟ್‌ವೇರ್ ಇದನ್ನು ಎಳೆದು ನೇರ ಮಾಡುತ್ತದೆ, ಅದಕ್ಕೆ ವಾರ್ಪ್ ಅಂತಾರೆ. ನಾನು ರಾತ್ರಿಯೆಲ್ಲ ಕೂತು ಪ್ರತಿ ಏಟನ್ನೂ ಗೆರೆ ಮೇಲೆ ಕೂರಿಸಿದೆ. ಬೆಳಗ್ಗೆ ಕೇಳಿದರೆ ಜೀವ ಹೋಗಿತ್ತು. ಎಲ್ಲ ಅಳಿಸಿದೆ. ಆಮೇಲೆ ನಾವು ಮಾಡಿದ್ದು ಉಲ್ಟಾ. ತಮಟೆಯನ್ನು ಹಾಗೇ ಬಿಟ್ಟು ಮಷಿನ್ನಿನ ವೇಗವನ್ನೇ ಅದರ ಹಿಂದೆ ಓಡಿಸಿದೆವು. 2014ರಲ್ಲಿ ನಾಲ್ಕು ಟ್ರ್ಯಾಕ್‌ಗಳನ್ನು ಬ್ಯಾಂಡ್‌ಕ್ಯಾಂಪ್ ಅನ್ನೋ ಸಂಗೀತ ಮಾರುವ ವೆಬ್‌ಸೈಟಿನಲ್ಲಿ ಹಾಕಿದೆವು, ಅಣ್ಣನ ಹೆಸರು ನಮ್ಮ ಹೆಸರಿನ ಪಕ್ಕದಲ್ಲೇ, ಬಂದದ್ದರಲ್ಲಿ ಅರ್ಧ ಅವರಿಗೆ. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತಲ್ಲ, ಆ ದಿನ ಅಣ್ಣ ಫೋನ್ ಮಾಡಿ "ನಮ್ಮ ತಮಟೆಗೆ ಬಂತಪ್ಪಾ" ಅಂತ ಹತ್ತು ನಿಮಿಷ ಮಾತಾಡಿದರು.

ಪಬ್ಬುಗಳ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಆಗ ರಾತ್ರಿ ಹನ್ನೊಂದೂವರೆಗೆ ಬಾಗಿಲು. 2014ರಲ್ಲಿ ಶುಕ್ರವಾರ, ಶನಿವಾರ ಒಂದು ಗಂಟೆ ತನಕ ಅಂತಾಯಿತು, ಆಮೇಲೆ ಎಲ್ಲ ದಿನಕ್ಕೂ. ಆ ಒಂದೂವರೆ ಗಂಟೆ ಕೇಳುವವರಿಗೆ ಸಣ್ಣದು, ನಮಗೆ ಇಡೀ ಒಂದು ಸೆಟ್. ಮೊದಲೆಲ್ಲ ಒಂಬತ್ತಕ್ಕೆ ಶುರುಮಾಡಿ ಹತ್ತೂವರೆಗೇ ತುದಿ ಮುಟ್ಟಬೇಕಿತ್ತು. ದುಡ್ಡಿನ ವಿಷಯ ಜಾಸ್ತಿ ಬರೆಯಲ್ಲ. ಒಂದು ಕಡೆ ನಾಲ್ಕು ತಿಂಗಳು ಅಲೆಸಿದರು. ಆಮೇಲಿಂದ ಅರ್ಧ ಮುಂಗಡ ಇಲ್ಲದೆ ನಾವು ಹೋಗೋದಿಲ್ಲ, ಹೊಸಬರಿಗೂ ಅದನ್ನೇ ಹೇಳುತ್ತೇನೆ.

ಅದಕ್ಕಿಂತ ಮುಖ್ಯವಾದದ್ದು ಒಬ್ಬರು ಅಜ್ಜಿ. ಇಂದಿರಾನಗರದ ಒಂದು ಜಾಗದಲ್ಲಿ ತಿಂಗಳಿಗೊಂದು ಶನಿವಾರ ನಮ್ಮದು ಇರುತ್ತಿತ್ತು. ಹಿಂದಿನ ಬೀದಿಯ ಅಜ್ಜಿ ಒಂದು ದಿನ ಸಂಜೆ ಸೌಂಡ್ ಚೆಕ್ ಹೊತ್ತಿಗೆ ಬಂದು, "ಮಕ್ಕಳೇ, ನಿಮ್ಮ ಹಾಡು ನಮಗೆ ಕೇಳಿಸಲ್ಲ, ಆದ್ರೆ ನಮ್ಮ ಅಡುಗೆಮನೆ ಪಾತ್ರೆಗಳಿಗೆ ಕೇಳಿಸುತ್ತೆ" ಅಂದರು. ಭಾವನನ್ನು ಮಿಕ್ಸರ್ ಹತ್ತಿರ ಬಿಟ್ಟು ನಾನು ಅವರ ಮನೆಗೆ ಹೋದೆ. ನಿಜ. ಶೆಲ್ಫ್ ಮೇಲೆ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗುಯ್ ಅನ್ನುತ್ತಿದ್ದವು. ಹಾಡಿನ ಸದ್ದಿಲ್ಲ, ಬರೀ ಆ ಗುಯ್. 50 ಹರ್ಟ್ಸ್ ಸದ್ದಿನ ಒಂದು ಅಲೆ ಸುಮಾರು ಏಳು ಮೀಟರ್ ಉದ್ದ ಇರುತ್ತದೆ, ಅದಕ್ಕೆ ಇಟ್ಟಿಗೆ ಗೋಡೆ ಲೆಕ್ಕಕ್ಕಿಲ್ಲ. ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ದಾಟಬಾರದು. ಅಜ್ಜಿಗೆ ನಿಯಮ ಬೇಕಿರಲಿಲ್ಲ, ನಿದ್ದೆ ಬೇಕಿತ್ತು. ಬೇಸ್ ಬಾಕ್ಸುಗಳನ್ನು ಹಿಂದಿನ ಗೋಡೆಯಿಂದ ಮುಂದಕ್ಕೆ ಎಳೆದೆವು, ಕೆಳಗೆ ದಪ್ಪ ರಬ್ಬರ್ ಹಾಸಿದೆವು, 40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆವು. ನಾನು ಅವರ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತು "ಇನ್ನೂ ಕಮ್ಮಿ, ಇನ್ನೂ ಸ್ವಲ್ಪ" ಅನ್ನುತ್ತಿದ್ದೆ. ಲೋಟಗಳು ಸುಮ್ಮನಾದವು. ಅಜ್ಜಿ ಕಾಫಿ ಕೊಟ್ಟರು.

2016ರಲ್ಲಿ ಜಗಳ ಆಯಿತು. ಭಾವನಿಗೆ ಮದುವೆಯಾಗಿ ಮಗು ಹುಟ್ಟಿತ್ತು. ಮದುವೆ ಮನೆಗಳ ಸಂಗೀತ್ ಕಾರ್ಯಕ್ರಮಗಳಿಗೆ ಹೋಗೋಣ, ಒಂದು ರಾತ್ರಿಗೆ ಮೂರು ತಿಂಗಳ ದುಡ್ಡು ಬರುತ್ತದೆ ಅಂದ. ನಾನು ಬೇಡ ಅಂದೆ. ಮೈಸೂರು ರಸ್ತೆಯಲ್ಲಿ ಕಾರಿನಲ್ಲಿ ಬರುತ್ತಾ ಮಾತು ಬೆಳೆಯಿತು. "ನೀನು ಕೊನೆಗೂ ಅಂಗಡಿಯವನೇ" ಅಂದುಬಿಟ್ಟೆ. ಆ ಅಂಗಡಿಯಿಂದಲೇ ನಾನು ಎಲ್ಲ ಕಲಿತದ್ದು. ಅವನು ಏನೂ ಹೇಳಲಿಲ್ಲ, ಸಿಗ್ನಲ್‌ನಲ್ಲಿ ಇಳಿದು ಹೋದ.

ಹದಿನಾಲ್ಕು ತಿಂಗಳು ಒಬ್ಬನೇ ಪ್ಲೇ ಮಾಡಿದೆ. ನಮ್ಮ ಹೆಸರು ಬಳಸಲಿಲ್ಲ, ಅವನೂ ಬಳಸಲಿಲ್ಲ. ನನ್ನ ಒಂಟಿ ಸೆಟ್‌ಗಳ ರೆಕಾರ್ಡಿಂಗ್ ಈಗಲೂ ಇವೆ. ಮಿಕ್ಸ್ ಎಲ್ಲ ಚೊಕ್ಕ. ಆದರೆ ಎಲ್ಲೂ ಬಿಡುವಿಲ್ಲ, ಶುರುವಿನಿಂದ ಕೊನೇ ತನಕ ನನ್ನದೇ ಮಾತು. ಜನರ ಮಧ್ಯೆ ಹೋಗಿ ನಿಂತು ಕೇಳುವ ಇನ್ನೊಬ್ಬ ಇರಲಿಲ್ಲ.

2017ರ ಗಣೇಶನ ಹಬ್ಬಕ್ಕೆ ಅಂಗಡಿಯಲ್ಲಿ ಹುಡುಗರು ಕಮ್ಮಿ ಬಿದ್ದರು. ಅತ್ತೆ ಫೋನ್ ಮಾಡಿ, "ಹನ್ನೊಂದು ಕಡೆ ಸೆಟ್ ಹೋಗಬೇಕು, ಬಾರಪ್ಪ" ಅಂದರು. ಹೋದೆ. ಟೆಂಪೋ ಹಿಂದೆ ಬೇಸ್ ಬಾಕ್ಸ್ ಇತ್ತು, ಭಾವ ಒಂದು ಕಡೆ ಹಿಡಿದು ನಿಂತಿದ್ದ. "ಆ ಕಡೆ ಹಿಡ್ಕೋ" ಅಂದ. ಹಿಡಿದುಕೊಂಡೆ. ರಾತ್ರಿ ಎರಡು ಗಂಟೆಗೆ ಕೊನೇ ಪೆಂಡಾಲ್ ಮುಗಿಸಿ ಫುಟ್‌ಪಾತ್ ಮೇಲೆ ಕೂತಾಗ ಕ್ಷಮೆ ಕೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು "ಹೊಸ ಟ್ರ್ಯಾಕ್ ಏನಾದ್ರೂ ಇದೆಯಾ" ಅಂತ ಕೇಳಿದ. ಮದುವೆಗಳನ್ನು ಅವನು ತನ್ನ ಸ್ವಂತ ಹೆಸರಿನಲ್ಲಿ ಮಾಡುತ್ತಾನೆ, ಈಗ ಕೆಲವು ಸಲ ನಾನೇ ಹೋಗಿ ಸ್ಪೀಕರ್ ಕಟ್ಟಿಕೊಡುತ್ತೇನೆ.

2020ರ ಮಾರ್ಚ್ 14, ಶನಿವಾರ, ನಮ್ಮದೊಂದು ಸೆಟ್ ಇತ್ತು. ಹಿಂದಿನ ದಿನವೇ ಸರ್ಕಾರ ಪಬ್ಬು, ಮಾಲು, ಥಿಯೇಟರು ಎಲ್ಲ ಒಂದು ವಾರ ಮುಚ್ಚಿ ಅಂತ ಹೇಳಿತು. ಆ ಒಂದು ವಾರ ಎಷ್ಟು ಉದ್ದ ಆಯಿತು ಅಂತ ಎಲ್ಲರಿಗೂ ಗೊತ್ತು. ಮಾವನಿಗೆ ಮದುವೆ ಸೀಸನ್ ಪೂರ್ತಿ ಹೋಯಿತು. ಸುಮ್ನೆ ಬಿಟ್ಟರೆ ಕೆಪ್ಯಾಸಿಟರ್ ಕೆಡುತ್ತವೆ ಅಂತ ವಾರಕ್ಕೊಮ್ಮೆ ಎಲ್ಲ ಆಂಪ್ಲಿಫೈಯರ್‌ಗಳನ್ನೂ ಅರ್ಧ ಗಂಟೆ ಆನ್ ಮಾಡಿ, ಖಾಲಿ ಅಂಗಡಿಯಲ್ಲಿ ಕೂತಿರುತ್ತಿದ್ದರು. ನಾವು ಒಂದು ಜೊತೆ ಡೆಕ್ ಮಾರಿದೆವು. ಇಂಟರ್‌ನೆಟ್‌ನಲ್ಲಿ ಇಬ್ಬರೂ ಒಟ್ಟಿಗೆ ಪ್ಲೇ ಮಾಡೋಣ ಅಂದರೆ ಸದ್ದು ತಡವಾಗಿ ಬರುತ್ತದೆ, ತಾಳ ನಿಲ್ಲುವುದಿಲ್ಲ. ಅದಕ್ಕೇ ನಾನು ಎಂಟು ಬಾರ್ ಮಾಡಿ ಕಳಿಸುತ್ತಿದ್ದೆ, ಅವನು ಅದರ ಮೇಲೆ ಎಂಟು ಸೇರಿಸಿ ವಾಪಸ್ ಕಳಿಸುತ್ತಿದ್ದ. ಒಂದು ದಿನ ಅವನು ಕಳಿಸಿದ ಎಂಟು ಬಾರ್‌ನಲ್ಲಿ ಬರೀ ಆಂಪ್ಲಿಫೈಯರ್‌ಗಳ ಹಮ್ ಇತ್ತು, ಅಂಗಡಿಯಲ್ಲಿ ಮಾವನ ಪಕ್ಕ ಕೂತು ರೆಕಾರ್ಡ್ ಮಾಡಿದ್ದು. ಅದರ ಮೇಲೆ ಏನನ್ನೂ ಸೇರಿಸಲು ನನಗೆ ಮನಸ್ಸಾಗಲಿಲ್ಲ. ಆ ಟ್ರ್ಯಾಕ್ ಈಗಲೂ ಅಲ್ಲಿಂದಲೇ ಶುರುವಾಗುತ್ತದೆ.

ಮಾವ ಇಷ್ಟು ವರ್ಷದಲ್ಲಿ ನಮ್ಮ ಸೆಟ್‌ಗೆ ಒಂದು ಸಲವೂ ಬಂದಿರಲಿಲ್ಲ. ಪಬ್ಬಿಗೆ ಬರೋದು ಅವರಿಗೆ ಇಷ್ಟ ಇಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಹೋದ ವರ್ಷ ಜಯನಗರದ ಒಂದು ಸಣ್ಣ ಸಭಾಂಗಣದಲ್ಲಿ ಭಾನುವಾರ ಸಂಜೆ ಐದಕ್ಕೆ ಪ್ಲೇ ಮಾಡಿದೆವು. ತಮಟೆ ಅಣ್ಣನೂ ಜೊತೆಗಿದ್ದರು, ಸೌಂಡ್ ಮಾವನ ಅಂಗಡಿಯದೇ. ಅಮ್ಮ, ಅತ್ತೆ, ಮಾವ ಮೂವರೂ ಬಂದರು. ನನ್ನ ಮೊದಲ ಅರ್ಧ ಗಂಟೆ ಮುಗಿಯುವ ಹೊತ್ತಿಗೆ ನೋಡುತ್ತೇನೆ, ಮಾವ ಕುರ್ಚಿಯಲ್ಲಿಲ್ಲ. ಎಡಗಡೆಯ ಟಾಪ್ ಸ್ಪೀಕರ್ ಹತ್ತಿರ ಹೋಗಿ ಕಿವಿ ಇಟ್ಟಿದ್ದಾರೆ. ನನ್ನ ಕಡೆ ತಿರುಗಿ ಅಂಗೈ ಕೆಳಗೆ ಮಾಡಿ ತೋರಿಸಿದರು, ಹೈ, ಅಂದರೆ ತೆಳು ಕೀರಲು ಸದ್ದು, ಸ್ವಲ್ಪ ಇಳಿಸು ಅಂತ. ಇಳಿಸಿದೆ. ತಲೆ ಆಡಿಸಿದರು. ಆಮೇಲೂ ಅಲ್ಲಿಂದ ಹೋಗಲಿಲ್ಲ. ಮೂರು ಮೂರು, ಎರಡೆರಡು, ಒಂದೊಂದು, ಅಷ್ಟೂ ಹೊತ್ತು ಸ್ಪೀಕರ್ ಮೇಲೆ ಒಂದು ಕೈ ಇಟ್ಟುಕೊಂಡು ನಿಂತೇ ಇದ್ದರು. ಕೊನೆಗೆ ತಮಟೆ, ಭಾವ, ನಾನು ಸೇರಿ ಮುಕ್ತಾಯಕ್ಕೆ ಬಂದಾಗ ಅವರ ಬೆರಳುಗಳು ಬಾಕ್ಸಿನ ಮೇಲೆ ಎಣಿಸುತ್ತಿದ್ದವು.

ಜನ ಎದ್ದು ಮಾತಾಡಿಸಲು ಬಂದರು. ಭಾವ ಹೋಗಿ ಮೊದಲು ಆಂಪ್ಲಿಫೈಯರ್ ಆಫ್ ಮಾಡಿದ. ಅಷ್ಟರಲ್ಲಿ ಮಾವ ಎಡಗಡೆಯ ಸ್ಪೀಕರ್ ವಯರ್ ಬಿಚ್ಚಿಕೊಂಡು, ಯಾರಿಗೂ ಏನೂ ಹೇಳದೆ, ಒಂದು ಸುತ್ತು ಮೇಲೆ ಒಂದು ಸುತ್ತು ಕೆಳಗೆ ಹಾಕುತ್ತಾ ಸುತ್ತಲು ಶುರುಮಾಡಿದ್ದರು. ನಾನು ಬಲಗಡೆಯದನ್ನು ಬಿಚ್ಚಿಕೊಂಡೆ.